ನೋವು ಒಂದಲ್ಲ

ಪುರುಷನ ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದು, ತಾರುಣ್ಯದಲ್ಲಿ ದೊಡ್ಡ ನೆಲ್ಲಿಕಾಯಿಯಷ್ಟಿರುವ ಪ್ರಾಸ್ಟೇಟ್ ಗ್ರಂಥಿಯು ವೃದ್ಧಾಪ್ಯದಲ್ಲಿ ಬೆಳೆದು, ಕೆಲವರಲ್ಲಿ 80 ಮಿಲಿಲೀಟರನ್ನೂ ಮೀರಿ, ಮೋಸಂಬಿಯ ಗಾತ್ರವನ್ನು ಮುಟ್ಟುವುದುಂಟು. ಗುಳಿಗೆಗಳಿಗೆ ಬಗ್ಗದ ಇಂಥ ಗ್ರಂಥಿಯ ತಿರುಳನ್ನು, ಕಿತ್ತಳೆಯ ಸಿಪ್ಪೆಯನ್ನು ಉಳಿಸಿ ತೊಳೆಯನ್ನು ತೆಗೆಯುವಂತೆ ಬಿಡಿಸಿ ತೆಗೆಯುವ ವಿದ್ಯೆಯನ್ನು, ಭಾರತದ ವೈದ್ಯಕೀಯ ಸೇವೆಯಲ್ಲಿ ಬಹುಕಾಲ ಕಳೆದು ಲಂಡನ್ನಿಗೆ ಹಿಂದಿರುಗಿದ ಪೀಟರ್ ಫ್ರೇಯರನು 1901ರಲ್ಲಿ ಪ್ರಕಟಿಸಿ ಪ್ರಸಿದ್ಧಗೊಳಿಸಿದನು; 1945ರಲ್ಲಿ ಟೆರೆನ್ಸ್ ಮಿಲಿನ್ ಮೂತ್ರಕೋಶವನ್ನು ಸೀಳದೆಯೇ ಅದನ್ನು ಸಾಧಿಸುವ ಮಾರ್ಗವನ್ನು ತೋರಿದನು. ಇಬ್ಬರದೂ ಹೊಟ್ಟೆಯನ್ನು ಸೀಳಿ ತೆರೆದು ಮಾಡುವ ಕ್ರಿಯೆ. 2008ರಲ್ಲಿ ವೆನೆಜುವೆಲಾದ ರೆನೆ ಸೊಟೆಲೊ ಮತ್ತು ಸಂಗಡಿಗರು ರೋಬಾಟಿನ ತೋಳುಗಳಿಂದ ಅದನ್ನೇ ಮಾಡಿ ವರದಿಯಿತ್ತ ತರುವಾಯ, ಆ ಸೀಳಿನ ಸ್ಥಾನಕ್ಕೆ ಐದಾರು ಕಿರುರಂಧ್ರಗಳು ಬಂದವು. ತಿರುಳನ್ನು ಹೊರತರಲು ಅವುಗಳಲ್ಲೊಂದನ್ನು ಮಾತ್ರ ಸ್ವಲ್ಪ ಹಿಗ್ಗಿಸುತ್ತಾರೆ.

ಗಾಯ ಕಿರಿದಾದರೆ ನೋವೂ ಕಿರಿದು ಎಂಬ ಎಣಿಕೆ ಬಹುಮಟ್ಟಿಗೆ ನಿಜವೇ. ಆದರೆ ಶಸ್ತ್ರಕ್ರಿಯೆಯ ಮರುದಿನ ವಾರ್ಡಿನಲ್ಲಿ ಮಲಗಿದ ವೃದ್ಧರೊಬ್ಬರು, "ಸಿಸ್ಟರ್, ಕುಯ್ದದ್ದು ಹೊಟ್ಟೆಯನ್ನು, ನೋಯುತ್ತಿರುವುದು ಹೆಗಲು, ಇದೇನಮ್ಮ?" ಎಂದು ಕೇಳಿದರೆ ಅದು ಮತಿಭ್ರಮಣೆಯಲ್ಲ. ಉಪಕರಣಗಳಿಗೆ ಎಡೆಯಾಗಲೆಂದು ಹೊಟ್ಟೆಯೊಳಗೆ ತುಂಬಿದ ಕಾರ್ಬನ್ ಡೈಆಕ್ಸೈಡ್ ಅನಿಲದ ಶೇಷವು ವಪೆಯನ್ನು ಕೆರಳಿಸುತ್ತದೆ. ವಪೆಯ ನರವೂ ಹೆಗಲಿನ ಚರ್ಮದ ನರವೂ ಕೊರಳಿನಲ್ಲಿ ಒಂದೇ ಬುಡದಿಂದ ಹೊರಡುವುದರಿಂದ, ಮಿದುಳು ಆ ದೂರನ್ನು ಹೆಗಲಿನ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಪ್ಯಾರಾಸಿಟಮಾಲ್ ಕೊಟ್ಟು, ನಾಲ್ಕು ಹೆಜ್ಜೆ ನಡೆಸಿದರೆ ಕೆಲದಿನಗಳಲ್ಲಿ ಅದು ತಾನೇ ಅಡಗುವುದು.

ಅದೇ ವೃದ್ಧರು ಸಂಜೆ, "ಉಚ್ಚೆ ಒತ್ತಿಬಂದು ಪ್ರಾಣ ಹೋಗುತ್ತಿದೆ, ಒಂದು ಇಂಜೆಕ್ಷನ್ ಹಾಕಿಬಿಡಿ" ಎಂದು ಗೋಗರೆಯುತ್ತಾರೆ. ಅನುಭವಸ್ಥ ದಾದಿಯು ಸಿರಿಂಜಿಗೆ ಕೈ ಹಾಕುವ ಮೊದಲು ಹೊದಿಕೆಯನ್ನು ಸರಿಸಿ, ಮೂತ್ರ ಹೊರಬರಲೆಂದು ಮೂತ್ರಕೋಶಕ್ಕೆ ಇಳಿಸಿರುವ ಕ್ಯಾಥೆಟರಿನ ನಳಿಗೆಯನ್ನು ಆದ್ಯಂತವಾಗಿ ನೋಡುತ್ತಾಳೆ: ತೊಡೆಯಡಿಯಲ್ಲಿ ಮಡಿಚಿದೆಯೆ, ಹೆಪ್ಪುಗಟ್ಟಿದ ರಕ್ತದ ಚೂರು ಸಿಕ್ಕಿಕೊಂಡಿದೆಯೆ, ಚೀಲಕ್ಕೆ ನೀರು ಇಳಿಯುತ್ತಿದೆಯೆ? ಕಟ್ಟಿಕೊಂಡ ನಳಿಗೆಯನ್ನು ಲವಣಜಲದಿಂದ ತೊಳೆದೊಡನೆ ಮುಖ ಸಡಿಲಗೊಳ್ಳುವುದನ್ನು ಕಂಡವರಿಗೆ ಗೊತ್ತು, ಅಲ್ಲಿ ಬೇಕಾಗಿದ್ದುದು ಮದ್ದಲ್ಲ. ನಳಿಗೆ ಸರಿಯಾಗಿದ್ದೂ ಮೂತ್ರಕೋಶವು ಅದನ್ನು ಹೊರದೂಡಲು ಸೆಡೆತುಕೊಳ್ಳುತ್ತಿದ್ದರೆ, ಆ ಸ್ನಾಯುವನ್ನು ಸಡಿಲಿಸುವ ಆಕ್ಸಿಬ್ಯುಟಿನಿನ್, ಸೊಲಿಫೆನಾಸಿನ್ ಮುಂತಾದವು ಕೆಲಸಕ್ಕೆ ಬರುವುವು. ಮಾರ್ಫಿನ್ ಇಲ್ಲಿ ಹೆಚ್ಚು ಪ್ರಯೋಜನಕಾರಿಯಲ್ಲ.

ಮಾರ್ಫಿನ್ ಮೊದಲಾದ ಅಫೀಮಿನ ವಂಶದ ಮದ್ದುಗಳ ಮೇಲೆ ನನಗೆ ದ್ವೇಷವಿಲ್ಲ. ಗಾಯದ ನೋವು ಉಳಿದ ಮದ್ದುಗಳನ್ನು ಮೀರಿ ಏರಿದಾಗ ಅವುಗಳನ್ನು ನಿರಾಕರಿಸುವುದು ಕ್ರೌರ್ಯವೇ ಸರಿ. ಆದರೆ ಅವು ಕರುಳನ್ನು ಜಡಗೊಳಿಸಿ ಮಲಬದ್ಧತೆಯನ್ನು ತರುತ್ತವೆ. ಮಲವಿಸರ್ಜನೆಗೆ ತಿಣುಕಿದರೆ ಹಸಿಗಾಯದಿಂದ ರಕ್ತ ಒಸರಬಹುದು. ವೃದ್ಧರ ಬುದ್ಧಿಗೆ ಮಂಕು ಕವಿಸುವುದೂ ಉಂಟು. ಈ ಕಾರಣದಿಂದಲೇ ಡೆನ್ಮಾರ್ಕಿನ ಹೆನ್ರಿಕ್ ಕೆಲೆಟ್ ಮೊದಲಾದವರು 1990ರ ದಶಕದಿಂದ, ಬೇರೆಬೇರೆ ಬಗೆಯ ಮದ್ದುಗಳನ್ನು ಮಿತವಾಗಿ ಕೂಡಿಸಿ ಅಫೀಮಿನ ಪಾಲನ್ನು ತಗ್ಗಿಸುವ ಕ್ರಮವನ್ನು ಪ್ರತಿಪಾದಿಸಿದರು. ರಂಧ್ರಗಳ ಸುತ್ತ ಬ್ಯುಪಿವಕೇಯ್ನ್ ಚುಚ್ಚಿ ಚರ್ಮವನ್ನು ಮರಗಟ್ಟಿಸುವುದು, ಕೇಳಿದಾಗಲಷ್ಟೇ ಕೊಡದೆ ಗಡಿಯಾರ ನೋಡಿ ಪ್ಯಾರಾಸಿಟಮಾಲ್ ಕೊಡುವುದು ಅದರ ಅಂಗಗಳು. ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ ಮೀರಕೂಡದು. ಕೃಶಶರೀರಿಗಳಿಗೂ ಯಕೃತ್ತು ದುರ್ಬಲವಾದವರಿಗೂ ಅದಕ್ಕಿಂತ ಕಡಿಮೆ. ಕೀಟೊರೊಲ್ಯಾಕ್ ಒಳ್ಳೆಯ ಮದ್ದು, ಆದರೆ 5 ದಿನಕ್ಕಿಂತ ಹೆಚ್ಚು ಸಲ್ಲದು. ಎಷ್ಟೋ ತಿಂಗಳು ಮೂತ್ರ ಕಟ್ಟಿಕೊಂಡು ಮೂತ್ರಪಿಂಡಗಳು ಸೊರಗಿರುವವರಿಗೆ ಅದೂ ಅಪಾಯಕರ.

ಮನೆಗೆ ಹೊರಟಾಗ ಕೈಗೆ ಬರುವ ಮದ್ದಿನ ಪೊಟ್ಟಣದಲ್ಲಿ ಅಫೀಮಿನ ವಂಶದ್ದೇ ಆದ ಟ್ರಮಡಾಲ್ ಇದ್ದರೆ, ಅದು ಬೆರಳೆಣಿಕೆಯಷ್ಟೇ ಇರಲಿ. 2018ರಲ್ಲಿ ನಮ್ಮ ಸರ್ಕಾರ ಅದನ್ನು ಮಾದಕವಸ್ತು ಕಾಯಿದೆಯ ವ್ಯಾಪ್ತಿಗೆ ತಂದಿತು. ಉಳಿದ ಗುಳಿಗೆಯನ್ನು ಮಂಡಿನೋವಿನ ಅಜ್ಜಿಗೆ ದಾನ ಮಾಡುವ ನಮ್ಮ ಮನೆಗಳ ಔದಾರ್ಯ ಇಲ್ಲಿ ಬೇಡ. ಮಲವನ್ನು ಮೃದುಗೊಳಿಸುವ ಸಿರಪ್ಪನ್ನು ಮಾತ್ರ ಮರೆಯಬಾರದು. ಮೂತ್ರಕೋಶವನ್ನು ಸಡಿಲಿಸುವ ಗುಳಿಗೆಯನ್ನು ಯಾವಾಗ ನಿಲ್ಲಿಸಬೇಕೆಂದು ವೈದ್ಯರನ್ನು ಕೇಳಿ ಚೀಟಿಯ ಮೇಲೆಯೇ ಬರೆಯಿಸಿಕೊಳ್ಳುವುದು ಲೇಸು. ನಳಿಗೆ ತೆಗೆಯುವ ದಿನವೂ ಅದರ ಪ್ರಭಾವ ಉಳಿದಿದ್ದರೆ, ದಾರಿ ತೆರೆದಿದ್ದರೂ ಮೂತ್ರಕೋಶಕ್ಕೆ ಮೂತ್ರವನ್ನು ದೂಡುವ ಕಸುವು ಸಾಲದೆ, ನಳಿಗೆಯು ಮರಳಿ ಬರಬೇಕಾದೀತು.