ನಿಮಗಿದು ಗೊತ್ತೆ? ಭಾಗವತರು ಬಲಕ್ಕೆ ಜರುಗಿದರು!

ಹೊನ್ನಾವರದ ಗುಣವಂತೆಯಲ್ಲೋ ಕುಮಟಾದಲ್ಲೋ ಚಿತ್ರೀಕರಿಸಿದ ಯಕ್ಷಗಾನದ ವಿಡಿಯೊವನ್ನು 5.1 ಸರೌಂಡ್ ಸೌಂಡ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಒಂದು ಆಯ್ಕೆ ತಪ್ಪಿದರೆ, ನಡುವಿನ ಸ್ಪೀಕರಿಗೆ ಇಟ್ಟ ಭಾಗವತರ ಪದ ಬಲಗಡೆಯಿಂದ ಕೇಳುತ್ತದೆ!

5.1ರ ಆರು ಚಾನೆಲ್‌ಗಳಿಗೆ ಎಲ್ಲ ಕಡೆ ಒಂದೇ ಕ್ರಮವಿಲ್ಲ. ಸಿನಿಮಾ ಕ್ರಮದಲ್ಲಿ ನಡುವಿನ ಧ್ವನಿಗೆ 2ನೇ ಸ್ಥಾನ. ವೇವ್ ಫೈಲಿನಲ್ಲಿ 3ನೆಯದು. ಎಎಸಿಯಲ್ಲಿ ಅದೇ ಮೊದಲು.

ಸಿನಿಮಾ ಕ್ರಮದ ಫೈಲನ್ನು ವೇವ್ ಕ್ರಮದಲ್ಲಿ ನುಡಿಸಿದರೆ ಭಾಗವತರು ಬಲಕ್ಕೆ ಜರುಗುವುದಷ್ಟೇ ಅಲ್ಲ, ಇನ್ನೊಂದು ಫಜೀತಿಯೂ ಉಂಟು. ಎಡ ಹಿಂಬದಿಗೆ ಹಾಕಿದ ಪ್ರೇಕ್ಷಕರ ಚಪ್ಪಾಳೆ ಸಬ್‌ವೂಫರ್ ಪಾಲಾಗುತ್ತದೆ. ಸಬ್‌ವೂಫರ್ ನುಡಿಸುವುದು ಸುಮಾರು 120 ಹರ್ಟ್ಸ್‌ವರೆಗಿನ ಗುಡುಗುಡು ಮಾತ್ರ. ಚಪ್ಪಾಳೆ ಹೆಚ್ಚುಕಮ್ಮಿ ನಾಪತ್ತೆ. ಭಟ್ಕಳದ ಬಸ್ಸಿನಲ್ಲಿ ಮೊಬೈಲ್ ಹಿಡಿದು ಆಟ ನೋಡುವವರಿಗೆ ಇದು ಗೊತ್ತಾಗುವುದೂ ಕಷ್ಟ ಬಿಡಿ.