ತಟ್ಟೆ ಒಡೆದ ಮೇಲೆ ನೆಲಕ್ಕೆ ಬಿದ್ದದ್ದು

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಸ್ಟ್ರಾಟ್‌ಫರ್ಡ್ ಊರಿನ ಅಂಚಿನಲ್ಲಿ ಲಾರ್ಡ್‌ಶಿಪ್ ಪಾಯಿಂಟ್ ಎಂಬ ನೆಲದ ಚಾಚು ಕಡಲಿನೊಳಕ್ಕೆ ಹೋಗಿದೆ. ಬಂದೂಕು ತಯಾರಿಸುವ ರೆಮಿಂಗ್ಟನ್ ಕಂಪನಿ 1920ರ ದಶಕದಿಂದ ಅಲ್ಲೊಂದು ಗನ್ ಕ್ಲಬ್ ನಡೆಸುತ್ತಿತ್ತು. ವಾರಾಂತ್ಯಕ್ಕೆ ಜನ ಬರುತ್ತಿದ್ದರು, 'ಪುಲ್' ಎಂದು ಕೂಗುತ್ತಿದ್ದರು, ಯಂತ್ರದಿಂದ ಚಿಮ್ಮಿದ ಕಿತ್ತಳೆ ಬಣ್ಣದ ತಟ್ಟೆಯನ್ನು ಗಾಳಿಯಲ್ಲೇ ಪುಡಿಗಟ್ಟುತ್ತಿದ್ದರು. ಒಡೆದದ್ದೂ, ಒಡೆಯದೆ ಉಳಿದದ್ದೂ, ತೋಟೆಯಿಂದ ಸಿಡಿದ ಸೀಸದ ಸಣ್ಣ ಕಾಳುಗಳಾದ ಚರೆಯೂ ಹೋಗಿ ಬೀಳುತ್ತಿದ್ದದ್ದು ನೀರಿಗೆ ಮತ್ತು ದಡದ ಮರಳಿಗೆ. 1986ರಲ್ಲಿ ಕ್ಲಬ್ ಬಾಗಿಲು ಹಾಕುವ ಹೊತ್ತಿಗೆ ಅಲ್ಲಿ 2,200 ಟನ್ನಿಗೂ ಹೆಚ್ಚು ಸೀಸ ಸೇರಿಕೊಂಡಿತ್ತು. ತಟ್ಟೆಗಳ ಚೂರು ಸುಮಾರು 5,000 ಟನ್. ಒಂದು ತಟ್ಟೆ ನೂರು ಗ್ರಾಂ ಎಂದು ಹಿಡಿದರೆ ಐದು ಕೋಟಿ ತಟ್ಟೆಗಳ ಲೆಕ್ಕ.

ಅಲ್ಲಿನ ಕಪ್ಪು ಬಾತುಗಳಲ್ಲಿ ಸೀಸದ ವಿಷ ಕಾಣಿಸಿಕೊಂಡಿತು, ಚಿಪ್ಪುಮೀನಿನಲ್ಲೂ ಸೀಸ ಸಿಕ್ಕಿತು. ಮೀನುಗಾರರ ಸಂಘ ನ್ಯಾಯಾಲಯದ ಮೆಟ್ಟಿಲೇರಿತು. ಚರೆಯನ್ನೂ ತಟ್ಟೆಯನ್ನೂ ಯಾವುದಕ್ಕಾಗಿ ತಯಾರಿಸಲಾಗಿದೆಯೋ ಅದಕ್ಕೇ ಬಳಸಲಾಗಿದೆ, ಅದು ಹೇಗೆ ಕಸವಾಗುತ್ತದೆ ಎಂಬುದು ಕಂಪನಿಯ ವಾದ. ಉದ್ದೇಶ ಮುಗಿದ ಮೇಲೂ ವರ್ಷಗಟ್ಟಲೆ ಬಿದ್ದುಕೊಂಡಿರುವುದು ಕಸವೇ ಎಂದು 1993ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಆ ತೀರ್ಪಿನ ಬಳಿಕ ಗುರಿಯಾಟದ ಮೈದಾನ ನಡೆಸುವವರು ಆಕಾಶ ನೋಡುವುದರ ಜೊತೆಗೆ ನೆಲವನ್ನೂ ನೋಡಬೇಕಾಯಿತು.

ಈ ಆಟದ ಚರಿತ್ರೆಯನ್ನು ಒಂದು ರೀತಿಯಲ್ಲಿ ಪರ್ಯಾಯಗಳ ಚರಿತ್ರೆ ಎಂದೇ ಓದಬಹುದು. ಶುರುವಾದದ್ದು ಜೀವಂತ ಪಾರಿವಾಳಗಳಿಂದ. ಪೆಟ್ಟಿಗೆಯಿಂದ ಹಕ್ಕಿಯನ್ನು ಹಾರಿಬಿಟ್ಟು ಹೊಡೆಯುವುದು 19ನೇ ಶತಮಾನದ ಇಂಗ್ಲೆಂಡಿನ ಸಿರಿವಂತರ ಮೋಜಾಗಿತ್ತು. 1900ರ ಪ್ಯಾರಿಸ್ ಕ್ರೀಡಾಕೂಟದಲ್ಲೂ ಅದು ನಡೆಯಿತು. ಬೆಲ್ಜಿಯಂನ ಲಿಯೊನ್ ಡಿ ಲುಂಡೆನ್ 21 ಹಕ್ಕಿಗಳನ್ನು ಕೆಡವಿ ಗೆದ್ದ. ಒಟ್ಟು ಸತ್ತ ಪಾರಿವಾಳಗಳು ಸುಮಾರು 300 ಎನ್ನುತ್ತಾರೆ. ಬ್ರಿಟನ್ 1921ರಲ್ಲಿ ಕಾನೂನು ಮಾಡಿ ಈ ಪದ್ಧತಿಯನ್ನು ನಿಲ್ಲಿಸಿತು.

ಅಷ್ಟರಲ್ಲಿ ಅಮೆರಿಕದವರು ಗಾಜಿನ ಗೋಲಿಗಳನ್ನು ಹಾರಿಸಿ ಹೊಡೆಯಲು ಕಲಿತಿದ್ದರು. ಕೆಲವು ಗೋಲಿಗಳೊಳಗೆ ಗರಿ ತುಂಬಿರುತ್ತಿದ್ದರು, ಒಡೆದಾಗ ಹಕ್ಕಿಯೇ ಸಿಡಿದಂತೆ ಕಾಣಲೆಂದು! ಗಾಜಿನ ಚೂರು ತುಂಬಿದ ಹೊಲದಲ್ಲಿ ಆಮೇಲೆ ಯಾರು ಹೇಗೆ ಕಾಲಿಟ್ಟರೋ. 1880ರಲ್ಲಿ ಸಿನ್ಸಿನಾಟಿಯ ಜಾರ್ಜ್ ಲಿಗೋಸ್ಕಿ ಸುಟ್ಟ ಜೇಡಿಮಣ್ಣಿನ ಚಪ್ಪಟೆ ತಟ್ಟೆಗೆ ಪೇಟೆಂಟ್ ಪಡೆದ. ಅದು ತೇಲುತ್ತಾ ಚೆನ್ನಾಗಿಯೇ ಹಾರಿತು. ಆದರೆ ಮಣ್ಣು ಬೆಂದು ಎಷ್ಟು ಗಟ್ಟಿಯಾಗುತ್ತಿತ್ತೆಂದರೆ ಚರೆ ತಾಗಿದರೂ ಒಡೆಯದೆ ಟಣ್ ಎಂದು ಸದ್ದು ಮಾಡಿ ಮುಂದೆ ಹೋಗುತ್ತಿತ್ತು. ಹಾಗಾಗಿ ಮಣ್ಣು ಬಿಟ್ಟು ಸುಣ್ಣಕಲ್ಲಿನ ಪುಡಿಯನ್ನು ಡಾಮರಿನಂಥ ಕೀಲಿನಲ್ಲಿ ಕಲಸಿ ಅಚ್ಚು ಹಾಕತೊಡಗಿದರು. ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಸುಣ್ಣಕಲ್ಲು, ಒಂದು ಪಾಲು ಕೀಲು. ಇಂದಿನ ಒಲಿಂಪಿಕ್ ತಟ್ಟೆ 110 ಮಿಲಿಮೀಟರ್ ಅಗಲ, 105 ಗ್ರಾಂ ತೂಕ. ಚಿಮ್ಮುವ ಯಂತ್ರದ ಏಟಿಗೆ ಒಡೆಯಬಾರದು, ಎರಡು ಮೂರು ಚರೆ ತಗುಲಿದರೆ ಒಡೆಯಬೇಕು. ಈ ಎರಡೂ ಗುಣ ಇಷ್ಟು ಅಗ್ಗಕ್ಕೆ ಕೊಡುವ ಬೇರೆ ಮಿಶ್ರಣ ಬಹಳ ಕಾಲ ಸಿಗಲಿಲ್ಲ.

ಕಲ್ಲಿದ್ದಲಿನಿಂದ ಬರುವ ಕೀಲಿನಲ್ಲಿ ಬೆಂಜೀನ್ ಉಂಗುರಗಳು ಒಂದಕ್ಕೊಂದು ಅಂಟಿಕೊಂಡ ಹೈಡ್ರೊಕಾರ್ಬನ್‌ಗಳು ಹೇರಳ. ವಿಜ್ಞಾನಿಗಳು ಇವನ್ನು ಪಿಎಎಚ್ ಎನ್ನುತ್ತಾರೆ. ಇವುಗಳಲ್ಲಿ ಹಲವು ಕ್ಯಾನ್ಸರ್‌ಕಾರಕ. ಇದು ಬರೀ ಪ್ರಯೋಗಾಲಯದ ಭಯವೇನಲ್ಲ. ಗುರಿಯಾಟ ನಡೆದ ಹೊಲಕ್ಕೆ ಮೇಯಲು ಬಿಟ್ಟ ಹಂದಿಗಳು ನೆಲ ಕೆದಕಿ ತಟ್ಟೆಯ ಚೂರು ತಿಂದು, ಪಿತ್ತಜನಕಾಂಗ ಹಾಳಾಗಿ ಸತ್ತ ಪ್ರಕರಣಗಳಿವೆ. ಪಶುವೈದ್ಯರ ಕೈಪಿಡಿಗಳಲ್ಲಿ ಕೀಲಿನ ವಿಷಬಾಧೆಯ ಕುರಿತು ಬರೆಯುವಾಗ ಈ ತಟ್ಟೆಗಳ ಹೆಸರು ಬಂದೇ ಬರುತ್ತದೆ.

ಇಲ್ಲಿಂದ ಹಸಿರು ತಟ್ಟೆಗಳ ಹುಡುಕಾಟ ಶುರು. ಮೊದಲ ಹೆಜ್ಜೆಯಾಗಿ ಕಲ್ಲಿದ್ದಲಿನ ಕೀಲಿಗೆ ಬದಲು ಪೆಟ್ರೋಲಿಯಂ ಕೀಲು ಬಂತು. ಪಿಎಎಚ್ ಇಳಿಯಿತು, ಆದರೆ ಪೂರ್ತಿ ಹೋಗಲಿಲ್ಲ. ಬಳಿಕ ಬಂದದ್ದು ಪೈನ್ ಮರದ ರಾಳ. ರಾಳ ಹಾಕಿದ ತಟ್ಟೆಯಲ್ಲಿ ಪಿಎಎಚ್ ಅತ್ಯಲ್ಪ. ಮಳೆ, ಬಿಸಿಲು, ಮಣ್ಣಿನ ಸೂಕ್ಷ್ಮಜೀವಿಗಳು ಕಾಲಕ್ರಮೇಣ ರಾಳವನ್ನು ಕರಗಿಸಿದರೆ ಸುಣ್ಣಕಲ್ಲಿನ ಪುಡಿ ಮಣ್ಣಿಗೆ ಸೇರುತ್ತದೆ. ಬೆಲೆ ಜಾಸ್ತಿ ಎನ್ನುವುದನ್ನು ಬಿಟ್ಟರೆ ಈಗ ಸಿಗುವ ತಟ್ಟೆಗಳಲ್ಲಿ ಇದೇ ಮೇಲು.

ಗಂಧಕದ ತಟ್ಟೆಯ ಕಥೆ ಬೇರೆ. ಕರಗಿಸಿದ ಗಂಧಕದಲ್ಲಿ ಸುಣ್ಣಕಲ್ಲಿನ ಪುಡಿ ಬೆರೆಸಿ ಎರೆದರೆ ಅದೂ ಗಟ್ಟಿಯಾಗಿ, ಬಿರುಸಾಗಿ, ಸಲೀಸಾಗಿ ಒಡೆಯುವ ತಟ್ಟೆಯಾಗುತ್ತದೆ. ಕೀಲಿಲ್ಲ, ಪಿಎಎಚ್ ಇಲ್ಲ, ಪರಿಸರಸ್ನೇಹಿ ಎಂದು ಚೀಟಿ ಅಂಟಿಸಬಹುದು. ಆದರೆ ಮಣ್ಣಿನ ಬ್ಯಾಕ್ಟೀರಿಯಾಗಳು ಗಂಧಕವನ್ನು ಗಂಧಕಾಮ್ಲವಾಗಿ ಮಾಡಿಬಿಡುತ್ತವೆ. ನೆಲ ಹುಳಿಯಾಗುತ್ತದೆ. ಹುಳಿಯಾದ ನೆಲದಲ್ಲಿ ಸೀಸ ಬೇಗ ಕರಗಿ ಅಂತರ್ಜಲದ ಕಡೆಗೆ ಹೊರಡುತ್ತದೆ. ಅದೇ ಮೈದಾನದಲ್ಲಿ ಎಷ್ಟೋ ವರ್ಷಗಳಿಂದ ಸುಮ್ಮನೆ ಬಿದ್ದಿದ್ದ ಚರೆಯನ್ನು ಹೊಸ ಹಸಿರು ತಟ್ಟೆ ಎಬ್ಬಿಸಿದಂತಾಯಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮೈದಾನಗಳವರಿಗೆ ಹೇಳುವುದು ಇದಕ್ಕೆ ತದ್ವಿರುದ್ಧ: ನೆಲಕ್ಕೆ ಸುಣ್ಣ ಹಾಕಿ, ಹುಳಿಯ ಅಳತೆಯಾದ ಪಿಎಚ್ 6.5ರಿಂದ 8.5ರ ನಡುವೆ ಇರುವಂತೆ ನೋಡಿಕೊಳ್ಳಿ, ಆಗ ಸೀಸ ಕದಲದೆ ಇದ್ದಲ್ಲೇ ಇರುತ್ತದೆ.

ತಟ್ಟೆಯನ್ನಷ್ಟೇ ನೋಡಿ ಮೈದಾನವನ್ನು ಹಸಿರು ಎನ್ನುವುದು ಅರೆಸತ್ಯ ಎನ್ನುವುದು ಇದಕ್ಕೇ. ದೊಡ್ಡ ಕೇಡು ಇರುವುದು ತೋಟೆಯೊಳಗೆ.

ಒಲಿಂಪಿಕ್ ಸ್ಪರ್ಧೆಯ ಒಂದು ತೋಟೆಯಲ್ಲಿ 24 ಗ್ರಾಂ ಚರೆ ಇರುತ್ತದೆ, ಸುಮಾರು 300 ಕಾಳು. ಟ್ರ್ಯಾಪ್ ಎಂಬ ತಟ್ಟೆ ಹೊಡೆಯುವ ಸ್ಪರ್ಧೆಯ ಅರ್ಹತಾ ಸುತ್ತಿನಲ್ಲಿ ಒಬ್ಬರಿಗೆ 125 ತಟ್ಟೆ. ಎಲ್ಲವನ್ನೂ ಮೊದಲ ಗುಂಡಿಗೇ ಒಡೆದರೂ 3 ಕಿಲೋ ಸೀಸ ನೆಲಕ್ಕೆ; ಪ್ರತಿ ತಟ್ಟೆಗೂ ಎರಡನೇ ಗುಂಡು ಬೇಕಾದರೆ 6 ಕಿಲೋ. ಅದೂ ಒಬ್ಬ ಸ್ಪರ್ಧಿಯ ಒಂದು ಸ್ಪರ್ಧೆಯ ಲೆಕ್ಕ, ಅಭ್ಯಾಸದ್ದು ಬೇರೆ.

ಬಾತುಕೋಳಿಗೆ ಹಲ್ಲಿಲ್ಲ. ಕಾಳು ಅರೆಯಲು ಅದು ಸಣ್ಣ ಕಲ್ಲುಗಳನ್ನು ನುಂಗಿ ಹೊಟ್ಟೆಯ ಸ್ನಾಯುಚೀಲದಲ್ಲಿ ಇಟ್ಟುಕೊಳ್ಳುತ್ತದೆ. ಕೆರೆಯ ಕೆಸರಿನಲ್ಲಿ ಎರಡು ಮಿಲಿಮೀಟರ್ ದಪ್ಪದ ಚರೆ ಅದಕ್ಕೆ ಕಲ್ಲಿನ ಹಾಗೆಯೇ ಕಾಣುತ್ತದೆ. ಅರೆಯುವ ಕಲ್ಲುಗಳ ನಡುವೆ ಸಿಕ್ಕಿ, ಹೊಟ್ಟೆಯ ಆಮ್ಲದಲ್ಲಿ ನೆಂದು ಸೀಸ ಸವೆಯುತ್ತದೆ, ರಕ್ತಕ್ಕೆ ಇಳಿಯುತ್ತದೆ. ರೆಕ್ಕೆ ಸೋಲುತ್ತದೆ, ಹಕ್ಕಿ ಬಡಕಲಾಗಿ ಸಾಯುತ್ತದೆ. ಕೆಲವೇ ಕಾಳು ಸಾಕು. ಈ ಕಾರಣಕ್ಕೆ ಅಮೆರಿಕ 1991ರಿಂದ ನೀರುಹಕ್ಕಿಗಳ ಬೇಟೆಯಲ್ಲಿ ಸೀಸದ ಚರೆಯನ್ನು ದೇಶದಾದ್ಯಂತ ನಿಷೇಧಿಸಿತು. ಐರೋಪ್ಯ ಒಕ್ಕೂಟದ ಜೌಗು ಪ್ರದೇಶಗಳಲ್ಲಿ 2023ರ ಫೆಬ್ರುವರಿಯಿಂದ ಸೀಸದ ಚರೆ ಹಾರಿಸುವಂತಿಲ್ಲ.

ಎಲ್ಲರಿಗಿಂತ ಮುಂದೆ ಹೋದದ್ದು ಡೆನ್ಮಾರ್ಕ್. 1996ರ ಹೊತ್ತಿಗೆ ಅಲ್ಲಿ ಬೇಟೆಗೂ ತಟ್ಟೆಗೂ ಸೀಸದ ಚರೆ ಬಂದ್ ಆಗಿತ್ತು. ಅದರ ಜಾಗಕ್ಕೆ ಬಂದದ್ದು ಉಕ್ಕು. ಸೀಸದ ಸಾಂದ್ರತೆ 11.3, ಉಕ್ಕಿನದು 7.9. ಹಗುರಾದ ಕಾಳು ಬೇಗ ವೇಗ ಕಳೆದುಕೊಳ್ಳುತ್ತದೆ. ಆದ್ದರಿಂದ ಒಂದೆರಡು ಸೈಜು ದಪ್ಪ ಕಾಳು ಬೇಕು. ಉಕ್ಕು ಗಡುಸಾದ್ದರಿಂದ ಹಳೆಯ ಜೋಡುನಳಿಗೆ ಬಂದೂಕುಗಳ ನಳಿಗೆಗೆ ಒಗ್ಗದೆ ಹೋಗಬಹುದು, ಕಲ್ಲಿಗೆ ಬಡಿದರೆ ವಾಪಸು ಚಿಮ್ಮುತ್ತದೆ, ಮರಕ್ಕೆ ಹೊಕ್ಕರೆ ಗರಗಸದ ಹಲ್ಲು ಮುರಿಯುತ್ತದೆ. ಇವೆಲ್ಲ ನಿಜವಾದ ತೊಡಕುಗಳೇ. ಆದರೂ ಬಾತು ಹೊಡೆಯುವವನ ಕಷ್ಟ ತಟ್ಟೆ ಹೊಡೆಯುವವನಿಗಿಲ್ಲ. ತಟ್ಟೆ ನೋವು ತಿಂದು ಗಾಯಗೊಂಡು ಹಾರಿಹೋಗುವುದಿಲ್ಲ. ಮೂವತ್ತು ಮೂವತ್ತೈದು ಮೀಟರ್ ದೂರದಲ್ಲಿ ಅದನ್ನೊಡೆಯಲು ಉಕ್ಕಿನ ಶಕ್ತಿ ಧಾರಾಳ. ಡೇನರು ಇಷ್ಟು ವರ್ಷಗಳಿಂದ ಉಕ್ಕಿನಲ್ಲೇ ಆಡುತ್ತಿದ್ದಾರೆ. ಬೇರೆಡೆ ಸೀಸ ಬಿಡದಿರುವುದಕ್ಕೆ ಹೆಚ್ಚಿನ ಕಾರಣ ಅಭ್ಯಾಸಬಲ ಎಂದರೆ ತಪ್ಪಾಗಲಾರದು. ಬ್ರಿಟನ್ನಿನ ಬೇಟೆ ಸಂಘಟನೆಗಳು ಐದು ವರ್ಷದಲ್ಲಿ ಬೇಟೆಯಿಂದ ಸೀಸದ ಚರೆ ಬಿಡುವುದಾಗಿ 2020ರಲ್ಲಿ ತಾವಾಗಿಯೇ ಘೋಷಿಸಿದ್ದವು. ಮೂರನೇ ವರ್ಷ ವಿಜ್ಞಾನಿಗಳು ಮಾರುಕಟ್ಟೆಯ ಫೆಸೆಂಟ್ ಹಕ್ಕಿಗಳನ್ನು ತಂದು ಪರೀಕ್ಷಿಸಿದಾಗ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಹಕ್ಕಿಗಳ ಮೈಯಲ್ಲಿ ಸಿಕ್ಕಿದ್ದು ಸೀಸವೇ.

ಬಿಸ್ಮತ್ ಎಂಬ ಲೋಹದ್ದು ಸಾಂದ್ರತೆ 9.8, ಸೀಸಕ್ಕೆ ಹತ್ತಿರ, ನಳಿಗೆಗೂ ಮೃದು. ಆದರೆ ದುಬಾರಿ. ಜೊತೆಗೆ ಬಿಸ್ಮತ್ ಬಹುಪಾಲು ಸಿಗುವುದು ಸೀಸ, ಟಂಗ್‌ಸ್ಟನ್ ಮುಂತಾದವನ್ನು ಸಂಸ್ಕರಿಸುವಾಗ ಉಪ ಉತ್ಪನ್ನವಾಗಿ. ದಿನಕ್ಕೆ ನೂರು ಗುಂಡು ಹಾರಿಸುವ ಆಟಕ್ಕೆ ಅದು ಹೊಂದುವುದಿಲ್ಲ.

ಉಕ್ಕಿನ ಜೊತೆ ಇನ್ನೊಂದು ಕಸವೂ ಬರುತ್ತದೆ. ತೋಟೆಯೊಳಗೆ ಮದ್ದಿಗೂ ಚರೆಗೂ ನಡುವೆ ಒಂದು ಬಟ್ಟಲಿನಂಥ ಒತ್ತು ಇರುತ್ತದೆ. ಉಕ್ಕಿನಿಂದ ನಳಿಗೆಯನ್ನು ಕಾಪಾಡಲು ಇದು ಸಾಮಾನ್ಯವಾಗಿ ದಪ್ಪ ಪ್ಲಾಸ್ಟಿಕ್ಕಿನದಾಗಿರುತ್ತದೆ, ಪ್ರತಿ ಗುಂಡಿಗೆ ಒಂದೊಂದು ಹುಲ್ಲಿಗೆ ಬೀಳುತ್ತದೆ. ನೀರಿನಲ್ಲಿ ಕರಗುವ ಪಾಲಿವಿನೈಲ್ ಆಲ್ಕೊಹಾಲ್‌ನಿಂದಲೂ ಕಾಗದದಿಂದಲೂ ಮಾಡಿದ ಒತ್ತುಗಳು ಈಗ ಯುರೋಪಿನ ಅಂಗಡಿಗಳಲ್ಲಿ ಸಿಗುತ್ತವೆ.

ಗುಂಡೇ ಇಲ್ಲದ ದಾರಿಯೂ ಉಂಟು. ಬ್ರಿಟನ್ನಿನಲ್ಲಿ ಕಂಪನಿ ಕೂಟಗಳಿಗೂ ಮದುವೆಗಳಿಗೂ ಬಾಡಿಗೆಗೆ ಸಿಗುವ ಲೇಸರ್ ಕ್ಲೇ ಅಂಥದ್ದು. ನಿಷ್ಕ್ರಿಯಗೊಳಿಸಿದ ಬಂದೂಕಿನಿಂದ ಕಣ್ಣಿಗೆ ಕಾಣದ ಅವರಕ್ತ ಕಿರಣ ಹೊರಡುತ್ತದೆ. ಹಾರುವ ಪ್ಲಾಸ್ಟಿಕ್ ತಟ್ಟೆಗೆ ಪ್ರತಿಫಲಿಸುವ ಪಟ್ಟಿ ಅಂಟಿಸಿರುತ್ತಾರೆ. ಕಿರಣ ತಾಗಿ ಮರಳಿದರೆ ಫಲಕದಲ್ಲಿ ಅಂಕ ಏರುತ್ತದೆ, ಸ್ಪೀಕರಿನಲ್ಲಿ ತಟ್ಟೆ ಒಡೆದ ಸದ್ದು ಕೇಳುತ್ತದೆ. ತಟ್ಟೆಯನ್ನು ಹೆಕ್ಕಿ ತಂದು ಮತ್ತೆ ಹಾರಿಸಬಹುದು. ಸೀಸವಿಲ್ಲ, ಹೊಗೆಯಿಲ್ಲ, ಬಂದೂಕಿನ ಲೈಸೆನ್ಸ್ ಇಲ್ಲದವರೂ ಹತ್ತು ವರ್ಷದ ಮಕ್ಕಳೂ ಆಡಬಹುದು, ಅಕ್ಕಪಕ್ಕದ ಮನೆಯವರಿಗೂ ನೆಮ್ಮದಿ.

ನುರಿತ ಶೂಟರ್‌ಗಳು ಮಾತ್ರ ಮೂಗು ಮುರಿಯುತ್ತಾರೆ. ಹಿಂದಕ್ಕೊದೆಯುವ ಬಂದೂಕಿನ ಪೆಟ್ಟು ಇಲ್ಲ ಎನ್ನುವುದು ಚಿಕ್ಕ ಆಕ್ಷೇಪ. ದೊಡ್ಡದು ಭೌತವಿಜ್ಞಾನದ್ದು. ಚರೆ ಮೂವತ್ತೈದು ಮೀಟರ್ ದೂರ ಕ್ರಮಿಸಲು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಬೇಕು. ಅಷ್ಟರಲ್ಲಿ ಅಡ್ಡ ಹಾರುವ ತಟ್ಟೆ ಒಂದೂವರೆ ಎರಡು ಮೀಟರ್ ಮುಂದೆ ಹೋಗಿರುತ್ತದೆ. ತಟ್ಟೆ ಇರುವಲ್ಲಿಗೆ ಹೊಡೆದವನು ಸೋತ. ತಟ್ಟೆ ಬರಲಿರುವ ಖಾಲಿ ಜಾಗಕ್ಕೆ ಹೊಡೆಯುವುದೇ ಈ ಆಟದ ವಿದ್ಯೆ. ಬೆಳಕಿಗೆ ಆ ತಡವೇ ಇಲ್ಲ. ತಟ್ಟೆಯ ಮೇಲೇ ಗುರಿಯಿಟ್ಟು ಕುದುರೆ ಎಳೆದರೆ ಲೇಸರ್ ತಾಗಿಯೇ ಬಿಡುತ್ತದೆ. ಅಂದರೆ ಸರಳ ಲೇಸರ್ ಆಟ ತಪ್ಪನ್ನೇ ಅಭ್ಯಾಸ ಮಾಡಿಸುತ್ತದೆ. ತಟ್ಟೆಯ ವೇಗ, ದೂರ, ಚರೆಯ ಪ್ರಯಾಣದ ಹೊತ್ತು ಎಲ್ಲವನ್ನೂ ಗಣಕದಲ್ಲಿ ಲೆಕ್ಕ ಹಾಕಿ ತೀರ್ಪು ಕೊಡುವ ಸಿಮ್ಯುಲೇಟರ್‌ಗಳು ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತವೆ. ಅಭ್ಯಾಸದ ಒಂದು ಪಾಲನ್ನಾದರೂ ಅಲ್ಲಿಗೆ ಸರಿಸಿದರೆ ಅಷ್ಟು ಸೀಸ ಉಳಿಯಿತು.

ಒಲಿಂಪಿಕ್ಸ್ ಇಂಥ ಬದಲಾವಣೆಯನ್ನು ಒಪ್ಪಿಕೊಂಡ ಉದಾಹರಣೆಯೂ ಇದೆ. ಮಾಡರ್ನ್ ಪೆಂಟಾಥ್ಲಾನ್‌ನಲ್ಲಿ ಗಾಳಿ ಪಿಸ್ತೂಲು ಹೋಗಿ 2012ರ ಲಂಡನ್ ಕೂಟಕ್ಕೆ ಲೇಸರ್ ಪಿಸ್ತೂಲು ಬಂತು. ಅಲ್ಲಿ ಗುರಿ ಹತ್ತು ಮೀಟರ್ ದೂರದಲ್ಲಿ ಅಲುಗಾಡದೆ ನಿಂತಿರುತ್ತದೆ, ಹಾಗಾಗಿ ಕೆಲಸ ಸುಲಭವಾಯಿತು. ತಟ್ಟೆ ಹೊಡೆಯುವ ಟ್ರ್ಯಾಪ್ ಮತ್ತು ಸ್ಕೀಟ್ ಸ್ಪರ್ಧೆಗಳಿಗೆ ಅದು ಅಷ್ಟು ಬೇಗ ಬರುವ ಲಕ್ಷಣವಿಲ್ಲ.

ಭಾರತಕ್ಕೆ ಈ ಆಟ ಹೊಸದಲ್ಲ. ಬಿಕಾನೇರಿನ ಕರ್ಣಿ ಸಿಂಗ್ 1962ರಲ್ಲಿ ಕೈರೋ ವಿಶ್ವ ಚಾಂಪಿಯನ್‌ಶಿಪ್‌ನ ಟ್ರ್ಯಾಪ್‌ನಲ್ಲಿ ಬೆಳ್ಳಿ ಗೆದ್ದರು. 2004ರ ಅಥೆನ್ಸ್‌ನಲ್ಲಿ ರಾಜ್ಯವರ್ಧನ ಸಿಂಗ್ ರಾಠೋಡ್ ಡಬಲ್ ಟ್ರ್ಯಾಪ್ ಬೆಳ್ಳಿ ತಂದರು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇಡುತ್ತಾರೆ. ಗುರಿಯ ಮಟ್ಟಿಗೆ ಅದಕ್ಕಿಂತ ಹಸಿರು ಇನ್ನಾವುದೂ ಇರಲಾರದು. ಸೀಸದ ವಿಷಯದಲ್ಲಿ ಕರ್ನಾಟಕಕ್ಕೆ ಇನ್ನೊಂದು ನಂಟಿದೆ: ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ಕಟ್ಟಿದ ಸೀಸ ವಿಷಬಾಧೆಯ ರಾಷ್ಟ್ರೀಯ ಕೇಂದ್ರ ಮಕ್ಕಳ ರಕ್ತದಲ್ಲಿನ ಸೀಸವನ್ನು ದೇಶದ ಗಮನಕ್ಕೆ ತಂದಿತು. ಪೆಟ್ರೋಲಿನಿಂದ ಸೀಸ 2000ದಲ್ಲಿ ಹೋಯಿತು, ಮನೆಯ ಬಣ್ಣದಲ್ಲಿ 2017ರ ನವೆಂಬರಿನಿಂದ 90 ಪಿಪಿಎಂ ಮಿತಿ ಬಂತು.

ಹೊಸ ಮೈದಾನ ಕಟ್ಟುವವರಿಗೆ ಹಳೆಯ ಮೈದಾನಗಳ ಖರ್ಚುವೆಚ್ಚವೇ ಪಾಠ. ಚರೆ ಇನ್ನೂರು ಮೀಟರಿಗೂ ಆಚೆ ಹೋಗಿ ಬೀಳಬಲ್ಲದು, ಹಾಗಾಗಿ ಆ ಬೀಸಿನೊಳಗೆ ಕೆರೆ, ತೊರೆ, ಜೌಗು ಇರಕೂಡದು. ಹಲವು ಅಂಕಣಗಳಿದ್ದರೆ ಅವುಗಳ ಚರೆ ಒಂದೇ ತುಂಡು ನೆಲಕ್ಕೆ ಬೀಳುವಂತೆ ತಿರುಗಿಸಿ ಇಡಬೇಕು, ಎತ್ತರದ ಬಲೆಪರದೆ ಕಟ್ಟಿದರೆ ಆ ನೆಲ ಇನ್ನೂ ಕಿರಿದಾಗುತ್ತದೆ. ಮರಗಿಡ ಬೇಡ, ಕತ್ತರಿಸಿದ ಹುಲ್ಲು ಸಾಕು. ಕೆಲವು ವರ್ಷಕ್ಕೊಮ್ಮೆ ಮೇಲ್ಮಣ್ಣನ್ನು ಕೆರೆದು ಜರಡಿ ಹಿಡಿದರೆ ಸೀಸ ಗೋಣಿಗಟ್ಟಲೆ ವಾಪಸು ಸಿಗುತ್ತದೆ. ಅಮೆರಿಕದಲ್ಲಿ ಇದನ್ನೇ ಕಸುಬಾಗಿ ಮಾಡಿಕೊಂಡವರಿದ್ದಾರೆ. ಯಂತ್ರ ತಂದು ಸೀಸ ಸೋಸಿ, ಮಾರಿ ಬಂದ ಹಣದಲ್ಲಿ ಕ್ಲಬ್ಬಿಗೂ ಪಾಲು ಕೊಟ್ಟು ಹೋಗುತ್ತಾರೆ.