ಗಡುವು ಮತ್ತು ಮುಹೂರ್ತ: ಲಿನಕ್ಸ್ ಕರ್ನೆಲ್ಲಿನಲ್ಲಿ ಟೈಮ್‌ಔಟ್ ನಿರ್ವಹಣೆ

ಗಣಕ ಪರಿಭಾಷೆಯನ್ನು ಕನ್ನಡಕ್ಕೆ ತರುವಾಗ ‘ಟೈಮರ್’, ‘ಟೈಮ್‌ಔಟ್’ ಎಂಬೆರಡಕ್ಕೂ ‘ಕಾಲಮಿತಿ’ ಎಂಬ ಒಂದೇ ಪದ ಸಾಲದೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಇದಕ್ಕೆ ಉತ್ತರವಿರುವುದು ನಿಘಂಟಿನಲ್ಲಲ್ಲ, ಅವು ಕೆಲಸ ಮಾಡುವ ಬಗೆಯಲ್ಲಿ. ಲಿನಕ್ಸ್ ಕರ್ನೆಲ್ಲನ್ನು ನಿದರ್ಶನವಾಗಿಟ್ಟುಕೊಂಡು ಇದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕರ್ನೆಲ್ಲಿನ ಷೆಡ್ಯೂಲರ್, ಯಾವ ಕಾರ್ಯಕ್ಕೆ ಪ್ರೊಸೆಸರನ್ನು ಯಾವಾಗ ಒಪ್ಪಿಸಬೇಕೆಂಬುದನ್ನು ನಿರ್ಣಯಿಸುತ್ತದೆ. ಜಾಲದಿಂದ ಉತ್ತರವನ್ನು ಎದುರುನೋಡುವ ಕಾರ್ಯವು ಪ್ರೊಸೆಸರನ್ನು ಬಿಟ್ಟುಕೊಟ್ಟು ನಿದ್ರಾಸ್ಥಿತಿಗೆ ಹೋಗುತ್ತದೆ. ಉತ್ತರವೇ ಬಾರದಿದ್ದರೆ ಅದು ಎಂದಿಗೂ ಏಳಲಾರದು. ಆದುದರಿಂದ ‘ಷೆಡ್ಯೂಲ್ ಟೈಮ್‌ಔಟ್’ ಎಂಬ ಕಾರ್ಯವಿಧಿಯು ಅವಧಿಯೊಂದನ್ನು ಗೊತ್ತುಪಡಿಸಿ ಕಾರ್ಯವನ್ನು ಮಲಗಿಸುತ್ತದೆ. ನಿರೀಕ್ಷಿತ ಘಟನೆ ಮೊದಲೇ ನಡೆದರೆ ಗಡುವನ್ನು ಅಳಿಸಿ ಉಳಿದ ಕಾಲವನ್ನು ತಿಳಿಸುತ್ತದೆ. ಅವಧಿ ತೀರಿದ್ದರೆ ಸೊನ್ನೆಯನ್ನು ಹಿಂದಿರುಗಿಸುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಬಹುಪಾಲು ಟೈಮ್‌ಔಟ್‌ಗಳು ತೀರುವ ಮೊದಲೇ ರದ್ದಾಗುತ್ತವೆ. ಹೀಗಾಗಿ ಅವುಗಳ ನಿಖರತೆಗಿಂತ, ಅವನ್ನು ಸೇರಿಸುವ ಮತ್ತು ತೆಗೆಯುವ ವೇಗವೇ ಮುಖ್ಯ. 1987ರಲ್ಲಿ ಜಾರ್ಜ್ ವರ್ಗೀಸ್ ಮತ್ತು ಟೋನಿ ಲಾಕ್ ವಿವರಿಸಿದ ‘ಕಾಲಚಕ್ರ’ದ ವಿನ್ಯಾಸ ಇದಕ್ಕೆ ಅನುಕೂಲಕರ. ತೀರುವ ಕಾಲಕ್ಕೆ ಅನುಗುಣವಾಗಿ ಗಡುವುಗಳನ್ನು ಚಕ್ರದ ಮನೆಗಳಲ್ಲಿ ಇರಿಸಲಾಗುತ್ತದೆ. ಲಿನಕ್ಸಿನ ಹಳೆಯ ಕ್ರಮದಲ್ಲಿ, ಕಾಲ ಸಮೀಪಿಸಿದಂತೆ ಅವನ್ನು ದೂರದ ಮನೆಗಳಿಂದ ಹತ್ತಿರದ ಮನೆಗಳಿಗೆ ವರ್ಗಾಯಿಸಬೇಕಾಗಿತ್ತು. ರದ್ದಾಗಲಿರುವುದನ್ನು ಸಾಗಿಸುವ ಶ್ರಮವೇಕೆ? 2016ರ 4.8ನೆಯ ಆವೃತ್ತಿಯು ಈ ವರ್ಗಾವಣೆಯನ್ನೇ ಕೈಬಿಟ್ಟಿತು. ಸೆಕೆಂಡಿಗೆ 1000 ಮಿಡಿತಗಳಿರುವಲ್ಲಿ ಮೊದಲ ಹಂತದ 64 ಮನೆಗಳು ತಲಾ 1 ಮಿಲಿಸೆಕೆಂಡಿನವು; ಮುಂದಿನ ಹಂತಗಳಲ್ಲಿ ಅದು 8, 64 ಹೀಗೆ ಎಂಟರಷ್ಟಾಗುತ್ತ ಹೋಗುತ್ತದೆ. ದೂರದ ಗಡುವು ಸುಮಾರು ಶೇ. 12.5ರಷ್ಟು ತಡವಾಗಬಹುದು, ಮುಂಚಿತವಾಗಿ ಮಾತ್ರ ತೀರದು.

ತಪ್ಪದೆ ತೀರಬೇಕಾದ ಟೈಮರುಗಳ ಸ್ವರೂಪ ಬೇರೆ. ಅಲ್ಲಿ ನಿಖರತೆಯೇ ಪ್ರಧಾನ. ಅದಕ್ಕಾಗಿ 2006ರ 2.6.16ನೆಯ ಆವೃತ್ತಿಯಲ್ಲಿ ಪ್ರತ್ಯೇಕ ವ್ಯವಸ್ಥೆ ಬಂದಿತು. ಅದು ಟೈಮರುಗಳನ್ನು ತೀರುವ ಕಾಲದ ಅನುಕ್ರಮದಲ್ಲಿ ವೃಕ್ಷರೂಪದಲ್ಲಿ ಜೋಡಿಸಿಡುತ್ತದೆ.

ಈ ಭೇದವು ಕನ್ನಡಕ್ಕೆ ಹೊಸದಲ್ಲ. ಸಾಲಕ್ಕೆ ಕೊಟ್ಟ ಗಡುವು ಮೀರದಿರಲೆಂದೇ ಎಲ್ಲರ ಅಪೇಕ್ಷೆ; ಮದುವೆಯ ಮುಹೂರ್ತವಾದರೋ ಹೊತ್ತಿಗೆ ಸರಿಯಾಗಿ ಕೂಡಿಬರಬೇಕು. ಟೈಮ್‌ಔಟ್ ಎಂಬುದು ಗಡುವು. ಟೈಮರ್ ಮುಹೂರ್ತದ ಜಾತಿಯದು. ಎರಡನ್ನೂ ‘ಕಾಲಮಿತಿ’ ಎಂದುಬಿಟ್ಟರೆ, ಕರ್ನೆಲ್ ರಚಿಸಿದವರು ಶ್ರಮಪಟ್ಟು ಬೇರ್ಪಡಿಸಿದ್ದನ್ನು ಅನುವಾದಕರು ಮತ್ತೆ ಬೆರೆಸಿದಂತಾಗುತ್ತದೆ. ಪಾರಿಭಾಷಿಕ ಪದರಚನೆಗೆ ಪದದ ಅರ್ಥದಷ್ಟೇ ವಸ್ತುವಿನ ವರ್ತನೆಯ ತಿಳಿವೂ ಅವಶ್ಯಕವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.